ಗಾಜಿನ ಮನೆಯ ತವರು

ನಮ್ಮ ಅಬ್ಬಾ ಮೂವತ್ತೆಂಟು ವರ್ಷ ಲಾಲ್‌ಬಾಗಿನಲ್ಲಿ ಮಾಲಿಯಾಗಿದ್ದರು. 1964ರಲ್ಲಿ ದಿನಗೂಲಿಗೆ ಸೇರಿ 2002ರಲ್ಲಿ ನಿವೃತ್ತರಾದರು. ಈ ಒಂದು ಮಾತನ್ನು ಇಷ್ಟು ಸಲೀಸಾಗಿ ಬರೆಯಲು ನನಗೆ ನಲವತ್ತೆಂಟು ವರ್ಷ ಬೇಕಾಯಿತು. ಅದಕ್ಕಾಗಿ ಲಂಡನ್ನಿಗೂ ಹೋಗಿ ಬರಬೇಕಾಯಿತು.

ನಾನು ಹುಟ್ಟಿ ಬೆಳೆದದ್ದು ಸಿದ್ದಾಪುರದಲ್ಲಿ. ಲಾಲ್‌ಬಾಗಿನ ಸಿದ್ದಾಪುರ ಗೇಟಿನಿಂದ ನಮ್ಮ ಗಲ್ಲಿ ಐದು ನಿಮಿಷದ ದಾರಿ. ಅಬ್ಬಾ ಬೆಳಿಗ್ಗೆ ಫಜರ್ ನಮಾಜ್ ಮುಗಿಸಿ ನೇರವಾಗಿ ತೋಟಕ್ಕೆ ಹೋಗುತ್ತಿದ್ದರು. ಸಂಜೆ ಬರುವಾಗ ಉಗುರಿನ ಸಂದಿಯಲ್ಲಿ ಕೆಮ್ಮಣ್ಣು. ಅಮ್ಮಿ ಎಷ್ಟು ಸೋಪು ಕೊಟ್ಟರೂ ಅದು ಹೋಗುತ್ತಿರಲಿಲ್ಲ. ಮನೆಯಲ್ಲಿ ನಾವು ಆಡುವುದು ದಖನಿ. ಆದರೆ ಗಿಡಗಳ ವಿಷಯ ಬಂದರೆ ಅಬ್ಬಾ ತಾವಾಗಿಯೇ ಕನ್ನಡಕ್ಕೆ ಹೊರಳುತ್ತಿದ್ದರು. ಅದರ ಜತೆಗೆ ಲ್ಯಾಟಿನ್ ಹೆಸರುಗಳು. ಅವರು ಓದಿದ್ದು ನಾಲ್ಕನೇ ಇಯತ್ತೆ. ಇಂಗ್ಲಿಷಿನಲ್ಲಿ ಒಂದು ಅರ್ಜಿ ಬರೆಯಲು ಬಾರದ ಮನುಷ್ಯ ಮರಗಳ ಲ್ಯಾಟಿನ್ ಹೆಸರುಗಳನ್ನು ನೆರೆಮನೆಯವರ ಹೆಸರು ಹೇಳಿದಷ್ಟೇ ಸರಾಗವಾಗಿ ಹೇಳುತ್ತಿದ್ದರು.

ಇದರಲ್ಲಿ ಹೆಮ್ಮೆ ಪಡುವಂಥದ್ದು ಇದೆ ಎಂದು ಆಗ ನನಗೆ ಹೊಳೆಯಲಿಲ್ಲ. ಶಾಲೆಯ ಅರ್ಜಿಯಲ್ಲಿ ‘ತಂದೆಯ ಉದ್ಯೋಗ’ ಎಂಬ ಜಾಗದಲ್ಲಿ ನಾನು ‘ಸರ್ಕಾರಿ ನೌಕರಿ’ ಎಂದು ಬರೆಯುತ್ತಿದ್ದೆ. ಅದು ಸುಳ್ಳಲ್ಲ. ಗೆಳೆಯರು ಕೇಳಿದರೆ ‘ತೋಟಗಾರಿಕೆ ಇಲಾಖೆಯಲ್ಲಿದ್ದಾರೆ’ ಎನ್ನುತ್ತಿದ್ದೆ. ಅದೂ ಸುಳ್ಳಲ್ಲ. ಒಮ್ಮೆ ಶಾಲೆಯಿಂದ ನಮ್ಮನ್ನು ಫಲಪುಷ್ಪ ಪ್ರದರ್ಶನಕ್ಕೆ ಕರೆದುಕೊಂಡು ಹೋಗಿದ್ದರು. ಗಾಜಿನ ಮನೆಯ ಬಾಗಿಲಲ್ಲಿ ಅಬ್ಬಾ ಖಾಕಿ ಚಡ್ಡಿ ತೊಟ್ಟು ಕುಂಡಗಳಿಗೆ ನೀರು ಹಾಕುತ್ತಿದ್ದರು. ನನ್ನನ್ನು ನೋಡಿದರು. ನಾನು ತಲೆ ಬೇರೆ ಕಡೆ ತಿರುಗಿಸಿದೆ. ಅವರು ಕರೆಯಲಿಲ್ಲ. ಆ ರಾತ್ರಿ ಊಟಕ್ಕೆ ಕುಳಿತಾಗಲೂ ಆ ಮಾತು ಎತ್ತಲಿಲ್ಲ. ಮುಂದೆ ಎಂದೂ ಎತ್ತಲಿಲ್ಲ.

ಗಾಜಿನ ಮನೆ ಎಂದರೆ ಅಬ್ಬಾಗೆ ಎರಡನೆಯ ಮನೆ. ಆಲಿಕಲ್ಲು ಮಳೆ ಬಂದ ರಾತ್ರಿ ಅವರಿಗೆ ನಿದ್ದೆ ಬರುತ್ತಿರಲಿಲ್ಲ. ನಮ್ಮ ಮನೆಯ ಶೀಟು ಸೋರುತ್ತಿದ್ದರೂ ಅವರ ಚಿಂತೆ ಅಲ್ಲಿಯ ಗಾಜಿನದು. ಅವರಿಗೆ ಕಸಿ ಕಟ್ಟುವುದನ್ನು ಕಲಿಸಿದವರು ತಿಗಳರ ಒಬ್ಬ ಹಿರಿಯರು. ಹುಡುಗನಾಗಿದ್ದಾಗ ಕ್ರುಂಬಿಗಲ್ ದೊರೆಯ ಕೈಕೆಳಗೆ ದುಡಿದವರು. ಅವರು ಅಬ್ಬಾಗೆ ಹೇಳಿದ್ದರಂತೆ: ‘ಈ ಗಾಜಿನ ಮನೆಗೆ ಲಂಡನ್ನಿನಲ್ಲಿ ಒಂದು ತಾಯಿಮನೆ ಇದೆ. ಇದು ಅದರ ಮಗಳು.’ ಅಬ್ಬಾ ಅದನ್ನು ನಮಗೆ ಹೇಳುತ್ತಿದ್ದರು. ನಾನು ಬಿ.ಕಾಂ. ಪಾಸಾದ ದಿನ ಮಿಠಾಯಿ ತಿನ್ನಿಸುತ್ತಾ, ‘ಬೇಟಾ, ನೀನು ಯಾವತ್ತಾದರೂ ಲಂಡನ್ನಿಗೆ ಹೋದರೆ ನಮ್ಮ ಗಾಜಿನ ಮನೆಯ ತವರನ್ನು ನೋಡಿಕೊಂಡು ಬಾ’ ಎಂದಿದ್ದರು. ಸಿದ್ದಾಪುರದ ಗಲ್ಲಿಯಲ್ಲಿ ಆ ಮಾತಿಗೆ ಎಲ್ಲರೂ ನಕ್ಕಿದ್ದೆವು.

2023ರ ಸೆಪ್ಟೆಂಬರ್‌ನಲ್ಲಿ ಅಂಥ ಅವಕಾಶ ಬಂದೇ ಬಂತು. ನಾನು ಈಗ ಬಿಟಿಎಂ ಬಡಾವಣೆಯಲ್ಲಿರುವುದು. ಲೆಕ್ಕಪತ್ರದ ಕೆಲಸ. ಕಂಪನಿಯವರು ಒಂದು ವಾರದ ತರಬೇತಿಗೆ ಇಂಗ್ಲೆಂಡಿನ ಒಂದು ಸಣ್ಣ ಊರಿಗೆ ಕಳಿಸಿದರು. ತರಬೇತಿ ಶುಕ್ರವಾರ ಮುಗಿಯಿತು, ವಿಮಾನ ಇದ್ದದ್ದು ಸೋಮವಾರ. ನಡುವಿನ ಎರಡು ದಿನ ನನ್ನದು. ಜತೆಗೆ ಬಂದಿದ್ದವರು ಸಂಬಂಧಿಕರ ಮನೆಗಳಿಗೆ ಹೋದರು. ನಾನು ಒಬ್ಬನೇ ಒಂದು ಸೂಟ್‌ಕೇಸು ಎಳೆದುಕೊಂಡು ಲಂಡನ್ನಿನಲ್ಲಿ ಇಳಿದೆ. ಅಲ್ಲಿಯವರೆಗೆ ನಾನು ಒಬ್ಬನೇ ಮೈಸೂರಿಗೂ ಹೋಗಿ ರಾತ್ರಿ ತಂಗಿದವನಲ್ಲ.

ಶುಕ್ರವಾರ ರಾತ್ರಿ ಹೋಟೆಲಿನ ಇಕ್ಕಟ್ಟಾದ ಕೋಣೆಯಲ್ಲಿ ಕುಳಿತು ದಾರಿ ಹುಡುಕಲೆಂದು ಮೊಬೈಲಿನಲ್ಲಿ ‘ಕ್ರಿಸ್ಟಲ್ ಪ್ಯಾಲೇಸ್’ ಎಂದು ಬರೆದೆ. ಮೊದಲ ಸಾಲಿನಲ್ಲೇ ವಿಷಯ ಗೊತ್ತಾಯಿತು. 1851ರ ಮಹಾ ವಸ್ತುಪ್ರದರ್ಶನಕ್ಕಾಗಿ ಹೈಡ್ ಪಾರ್ಕಿನಲ್ಲಿ ಕಟ್ಟಿದ್ದು. ಪ್ರದರ್ಶನ ಮುಗಿದ ಮೇಲೆ ಬಿಚ್ಚಿ, ಊರಿನ ದಕ್ಷಿಣಕ್ಕಿರುವ ಸಿಡನ್‌ಹ್ಯಾಮ್ ಗುಡ್ಡದ ಮೇಲೆ ಇನ್ನೂ ದೊಡ್ಡದಾಗಿ ಕಟ್ಟಿ 1854ರಲ್ಲಿ ತೆರೆದರು. 1936ರ ನವೆಂಬರ್ 30ರ ರಾತ್ರಿ ಬೆಂಕಿ ಬಿದ್ದು ಸುಟ್ಟುಹೋಯಿತು. ಈಗ ಅಲ್ಲಿ ಏನೂ ಇಲ್ಲ.

ಇಷ್ಟು ವರ್ಷ ಇದನ್ನು ಯಾಕೆ ನೋಡಿರಲಿಲ್ಲ ಎಂದು ನೀವು ಕೇಳಬಹುದು. ಅದು ನನಗೆ ಒಂದು ಕಟ್ಟಡವಾಗಿರಲಿಲ್ಲ, ಅಬ್ಬಾ ಆಡುವ ಒಂದು ಮಾತಾಗಿತ್ತು. ಮನೆಯವರ ಮಾತನ್ನು ಯಾರು ಪರೀಕ್ಷೆ ಮಾಡಲು ಹೋಗುತ್ತಾರೆ? ಅಬ್ಬಾ ಹುಟ್ಟಿದ್ದು 1944ರಲ್ಲಿ. ಅವರು ಹುಟ್ಟುವ ಎಂಟು ವರ್ಷ ಮೊದಲೇ ತವರು ಬೂದಿಯಾಗಿತ್ತು. ಅವರಿಗೆ ಹೇಳಿದ ಹಿರಿಯರೂ ಸುಳ್ಳು ಹೇಳಿರಲಿಕ್ಕಿಲ್ಲ. ಅವರು ಹುಡುಗನಾಗಿ ದೊರೆಗಳ ಬಾಯಲ್ಲಿ ಕೇಳಿದಾಗ ಅದು ನಿಂತೇ ಇತ್ತು. ಆಮೇಲೆ ಸುಟ್ಟ ಸುದ್ದಿ ಮಾಲಿಗಳವರೆಗೆ ಬಂದಿರಲಿಕ್ಕಿಲ್ಲ.

ಆ ರಾತ್ರಿ ನನಗೊಂದು ಉಪಾಯ ಹೊಳೆಯಿತು. ಲಂಡನ್ನಿನ ಇನ್ನೊಂದು ಅಂಚಿನಲ್ಲಿ ಕ್ಯೂ ಉದ್ಯಾನವಿದೆ. ಲಾಲ್‌ಬಾಗಿನ ಮೇಲ್ವಿಚಾರಕರಾಗಿದ್ದ ಜಾನ್ ಕ್ಯಾಮರಾನ್, ಆಮೇಲೆ ಬಂದ ಕ್ರುಂಬಿಗಲ್, ಇಬ್ಬರೂ ಅಲ್ಲಿ ಪಳಗಿದವರೇ. 1840ರ ದಶಕದಲ್ಲಿ ಕಟ್ಟಿದ ದೊಡ್ಡ ಗಾಜಿನ ಮನೆ ಅಲ್ಲಿ ಇವತ್ತಿಗೂ ಇದೆ. ಅದರ ಮುಂದೆ ನಿಂತು ಒಂದು ಫೋಟೋ ತೆಗೆಸಿಕೊಂಡು, ‘ಅಬ್ಬಾ, ಇದೇ’ ಎಂದರೆ ಮುಗಿಯಿತು. ಎಂಬತ್ತರ ಹತ್ತಿರದ ಮುದುಕ, ಸಂತೋಷಪಡಲಿ. ಯಾರಿಗೆ ನಷ್ಟ? ದೀಪ ಆರಿಸಿ ಮಲಗಿದೆ. ನಿದ್ದೆ ಬರಲಿಲ್ಲ. ಶಾಲೆಯ ಅರ್ಜಿಯ ಆ ಖಾಲಿ ಜಾಗ ನೆನಪಾಗುತ್ತಿತ್ತು. ಸುಳ್ಳಲ್ಲದ ಸುಳ್ಳುಗಳನ್ನು ಆಗಲೇ ಸಾಕಷ್ಟು ಬರೆದಾಗಿತ್ತು.

ಶನಿವಾರ ಬೆಳಿಗ್ಗೆ ಹೈಡ್ ಪಾರ್ಕಿಗೆ ಹೋದೆ. ಅರಮನೆ ಮೊದಲು ನಿಂತಿದ್ದ ಕಡೆ ಈಗ ಹುಲ್ಲು. ನಾಯಿಗಳನ್ನು ಓಡಾಡಿಸುವವರು, ಓಡುವವರು. ಅರ್ಧ ಕಿಲೋಮೀಟರಿಗೂ ಹೆಚ್ಚು ಉದ್ದದ, ಸುಮಾರು ಮೂರು ಲಕ್ಷ ಗಾಜಿನ ಹಲಗೆಗಳ ಕಟ್ಟಡ ಇಲ್ಲಿ ಇತ್ತು ಎಂದರೆ ನಂಬುವುದು ಕಷ್ಟ. ಆ ಪ್ರದರ್ಶನವನ್ನು ಅರವತ್ತು ಲಕ್ಷ ಜನ ನೋಡಿದರಂತೆ. ಉಳಿದ ಲಾಭದ ಹಣದಲ್ಲಿ ಪಕ್ಕದಲ್ಲೇ ಜಮೀನು ಕೊಂಡು ವಸ್ತುಸಂಗ್ರಹಾಲಯಗಳನ್ನು ಕಟ್ಟಿದರು. ಅವುಗಳಲ್ಲೊಂದು ವಿಕ್ಟೋರಿಯಾ ಅಂಡ್ ಆಲ್ಬರ್ಟ್ ಮ್ಯೂಸಿಯಂ. ಪ್ರವೇಶ ಉಚಿತವೆಂದು ಒಳಗೆ ಹೋದೆ.

ಅಲ್ಲಿ ಟಿಪ್ಪುವಿನ ಹುಲಿ ಇದೆ. ನಾವು ಚಿತ್ರಗಳಲ್ಲಿ ನೋಡಿದ ಅದೇ ಮರದ ಹುಲಿ. ಕೆಳಗೆ ಬಿದ್ದ ಬಿಳಿಯ ಸಿಪಾಯಿಯ ಕುತ್ತಿಗೆಗೆ ಬಾಯಿ ಹಾಕಿದೆ. ಹೊಟ್ಟೆಯೊಳಗೆ ಸಂಗೀತದ ಪೆಟ್ಟಿಗೆ. ಹಿಡಿ ತಿರುಗಿಸಿದರೆ ಗರ್ಜನೆ, ನರಳಾಟ ಎರಡೂ ಕೇಳುತ್ತಿದ್ದವಂತೆ. 1799ರ ಮೇ 4ರಂದು ಶ್ರೀರಂಗಪಟ್ಟಣ ಬಿದ್ದ ಮೇಲೆ ಕಂಪನಿಯವರು ಅದನ್ನು ಇಲ್ಲಿಗೆ ಸಾಗಿಸಿದರು. ಎರಡನೆಯ ಮಹಾಯುದ್ಧದಲ್ಲಿ ಜರ್ಮನಿಯ ಬಾಂಬಿಗೆ ಸಿಕ್ಕಿ ಚೂರುಚೂರಾಗಿ, ಮತ್ತೆ ಜೋಡಿಸಿಕೊಂಡು ಕುಳಿತಿದೆ.

ಹುಲಿಯ ಮುಂದೆ ನಿಂತಾಗ ಸಿಟ್ಟು ಬರಬೇಕು ಎಂದುಕೊಂಡಿದ್ದೆ. ಬರಲಿಲ್ಲ ಎಂದರೆ ಅದೂ ಪೂರ್ತಿ ನಿಜವಲ್ಲ. ಆದರೆ ಅದಕ್ಕಿಂತ ಹೆಚ್ಚಾಗಿ ಮನಸ್ಸಿಗೆ ಬಂದದ್ದು ಬೇರೆ ಲೆಕ್ಕ. ಹೈದರಲಿ 1760ರಲ್ಲಿ ಲಾಲ್‌ಬಾಗನ್ನು ಶುರು ಮಾಡಿದ, ಟಿಪ್ಪು ಹೊರದೇಶಗಳಿಂದ ಬೀಜ, ಸಸಿ ತರಿಸಿ ಬೆಳೆಸಿದ. ಅವನ ಹುಲಿಯನ್ನು ಹೊತ್ತು ತಂದರು. ಕತ್ತಿ, ಪುಸ್ತಕ, ಸಿಂಹಾಸನದ ತುಂಡುಗಳನ್ನೂ ತಂದರು. ತೋಟವನ್ನು ಮಾತ್ರ ತರಲಾಗಲಿಲ್ಲ. ಬೇರು ಬಿಟ್ಟದ್ದು ಅಲ್ಲೇ ಉಳಿಯಿತು. ಗೆದ್ದವರೇ ಅದಕ್ಕೆ ಮಾಲಿಗಳನ್ನು ಇಟ್ಟು ನೀರು ಹಾಕಿಸಬೇಕಾಯಿತು. ಆ ಮಾಲಿಗಳ ಸಾಲಿನಲ್ಲಿ ನಮ್ಮ ಅಬ್ಬಾ ಒಬ್ಬರು.

ಭಾನುವಾರ ವಿಕ್ಟೋರಿಯಾ ನಿಲ್ದಾಣದಿಂದ ರೈಲು ಹತ್ತಿದೆ. ಅರ್ಧ ಗಂಟೆಯ ದಾರಿ. ಅರಮನೆ ಹೋಗಿ ಎಂಬತ್ತೇಳು ವರ್ಷವಾಗಿದ್ದರೂ ಸ್ಟೇಷನ್ನಿನ ಹೆಸರು ಇನ್ನೂ ಕ್ರಿಸ್ಟಲ್ ಪ್ಯಾಲೇಸ್. ಹೊರಗೆ ಬಂದರೆ ದೊಡ್ಡ ಉದ್ಯಾನ. ಏರು ಹತ್ತಿದ ಮೇಲೆ ಕಂಡದ್ದು ಅಗಲವಾದ ಕಲ್ಲಿನ ಮೆಟ್ಟಿಲುಗಳು, ಎರಡು ಹಂತದ ಕಟ್ಟೆ, ಅಲ್ಲಲ್ಲಿ ಸಿಂಹದ ಮೈ ಮನುಷ್ಯನ ಮುಖದ ಪ್ರತಿಮೆಗಳು. ಮೆಟ್ಟಿಲು ಹತ್ತಿ ಮೇಲೆ ಹೋದರೆ ಏನೂ ಇಲ್ಲ. ಹುಲ್ಲು, ಪೊದೆ, ಆಚೆಗೆ ಒಂದು ಟಿ.ವಿ. ಗೋಪುರ. ನಮ್ಮ ಊರಿನಲ್ಲಿ ಹಳೆಯ ಮನೆ ಕೆಡವಿದ ಮೇಲೆ ಹೊಸ್ತಿಲ ಕಲ್ಲು ಮಾತ್ರ ಉಳಿದಿರುತ್ತದಲ್ಲ, ಹಾಗೆ.

ನನ್ನ ಮೊಬೈಲಿನಲ್ಲಿ ಲಾಲ್‌ಬಾಗಿನ ಗಾಜಿನ ಮನೆಯ ಒಂದು ಫೋಟೋ ಇತ್ತು. ಅಬ್ಬಾ ಅದರ ಮುಂದಿನ ಬೆಂಚಿನಲ್ಲಿ ಕುಳಿತದ್ದು. ಅದನ್ನು ತೆರೆದು, ಆ ಖಾಲಿ ಆಕಾಶದ ಎದುರು ಹಿಡಿದು ನೋಡಿದೆ. 1889ರಲ್ಲಿ ಬ್ರಿಟಿಷ್ ರಾಜಕುಮಾರ ಆಲ್ಬರ್ಟ್ ವಿಕ್ಟರ್ ಅಡಿಗಲ್ಲು ಇಟ್ಟದ್ದು. ಕಬ್ಬಿಣ ಬಂದದ್ದು ಗ್ಲಾಸ್ಗೋದಿಂದ. 1935ರಲ್ಲಿ ಪೂರ್ವದ ಕಡೆ ವಿಸ್ತರಿಸಿದಾಗ ಕಬ್ಬಿಣ ಭದ್ರಾವತಿಯದು. ಆ ಹೊತ್ತಿಗೆ ಮೇಲ್ವಿಚಾರಕರೂ ನಮ್ಮವರೇ, ಎಚ್.ಸಿ. ಜವರಾಯರು. ಅಂದರೆ ಮಗಳ ಮನೆಗೆ ಹೊಸ ಕೋಣೆ ಸೇರಿಸಿದ ಮಾರನೆಯ ವರ್ಷವೇ ತಾಯಿಮನೆ ಸುಟ್ಟಿದೆ.

ಇಳಿಯುವ ದಾರಿಯಲ್ಲಿ ಒಂದು ಭಾರಿ ಅಮೃತಶಿಲೆಯ ತಲೆ ಕಂಡಿತು. ಎತ್ತರದ ಪೀಠದ ಮೇಲೆ ಬರೀ ತಲೆ, ಭುಜ. ಹೆಸರು ಜೋಸೆಫ್ ಪ್ಯಾಕ್ಸ್‌ಟನ್. ಅರಮನೆಯ ನಕ್ಷೆ ಮಾಡಿದವನು. ದೊಡ್ಡ ವಾಸ್ತುಶಿಲ್ಪಿ ಇರಬೇಕೆಂದು ಅಲ್ಲೇ ಬೆಂಚಿನಲ್ಲಿ ಕುಳಿತು ಅವನ ವಿಷಯ ಓದಿದೆ. ಓದುತ್ತಾ ಹೋದಂತೆ ನನ್ನ ಕಿವಿ ಬಿಸಿಯಾಯಿತು.

ಪ್ಯಾಕ್ಸ್‌ಟನ್ ಮಾಲಿ. ಬಡ ಬೇಸಾಯಗಾರರ ಮನೆಯಲ್ಲಿ 1803ರಲ್ಲಿ ಹುಟ್ಟಿದವನು. ಇಪ್ಪತ್ತಮೂರನೆಯ ವಯಸ್ಸಿನಲ್ಲಿ ಚಾಟ್ಸ್‌ವರ್ತ್ ಎಂಬಲ್ಲಿ ಒಬ್ಬ ಡ್ಯೂಕನ ತೋಟಕ್ಕೆ ಮುಖ್ಯ ಮಾಲಿಯಾಗಿ ಸೇರಿದ. ದಕ್ಷಿಣ ಅಮೆರಿಕದ ದೈತ್ಯ ನೈದಿಲೆಯೊಂದನ್ನು ಅಲ್ಲಿ ಬೆಳೆಸಿ 1849ರಲ್ಲಿ ಹೂ ಬಿಡಿಸಿದ. ಅದರ ಎಲೆ ಎಷ್ಟು ಗಟ್ಟಿ ಎಂದು ನೋಡಲು ತನ್ನ ಪುಟ್ಟ ಮಗಳನ್ನೇ ಎಲೆಯ ಮೇಲೆ ನಿಲ್ಲಿಸಿದ. ಎಲೆ ಮುಳುಗಲಿಲ್ಲ. ಎಲೆಯ ಅಡಿಯಲ್ಲಿ ಹರಡಿದ ನರಗಳು ಭಾರ ಹೊರುವುದನ್ನು ಕಂಡು, ಅದೇ ರೀತಿ ತೆಳು ಕಬ್ಬಿಣದ ಪಟ್ಟಿಗಳ ಮೇಲೆ ಗಾಜಿನ ಮಾಡು ನಿಲ್ಲಿಸಬಹುದು ಎಂದು ಯೋಚಿಸಿದ. ಪ್ರದರ್ಶನಕ್ಕೆ ಬಂದಿದ್ದ ಇನ್ನೂರಕ್ಕೂ ಹೆಚ್ಚು ನಕ್ಷೆಗಳು ತಿರಸ್ಕೃತವಾಗಿದ್ದವು. ಈ ಮಾಲಿ ರೈಲ್ವೆ ಸಭೆಯೊಂದರಲ್ಲಿ ಕುಳಿತು ಶಾಯಿ ಹೀರುವ ಕಾಗದದ ಮೇಲೆ ಗೀಚಿದ ಚಿತ್ರವೇ ಕೊನೆಗೆ ಕಟ್ಟಡವಾಯಿತು. ರಾಣಿ ಅವನಿಗೆ ‘ಸರ್’ ಪದವಿ ಕೊಟ್ಟಳು. ಆ ಕಾಗದ ಟಿಪ್ಪುವಿನ ಹುಲಿ ಇರುವ ಸಂಗ್ರಹಾಲಯದ್ದೇ ಆಸ್ತಿಯಂತೆ. ಹಿಂದಿನ ದಿನ ಅಲ್ಲಿಗೆ ಹೋಗಿಯೂ ಅದರ ಸುದ್ದಿ ತಿಳಿಯದೆ ಬಂದಿದ್ದೆ.

ಆ ಕಲ್ಲಿನ ತಲೆಯನ್ನು ಬಹಳ ಹೊತ್ತು ನೋಡಿದೆ. ಅವನ ಮಗಳು ಎಲ್ಲಿಯಾದರೂ ‘ತಂದೆಯ ಉದ್ಯೋಗ’ ಬರೆಯಬೇಕಾಗಿ ಬಂದಿದ್ದರೆ ಏನು ಬರೆಯುತ್ತಿದ್ದಳೋ ಎಂದು ಅನ್ನಿಸಿತು. ನನ್ನ ಮುಜುಗರಕ್ಕೆ ಒಬ್ಬ ಬಿಳಿಯ ಮಾಲಿಯ ಪ್ರತಿಮೆ ಬೇಕಾಯಿತಲ್ಲ ಎಂದೂ ಅನ್ನಿಸಿತು. ಪ್ಯಾಕ್ಸ್‌ಟನ್ನನಿಗೆ ಪದವಿ ಬಾರದೇ ಇದ್ದಿದ್ದರೆ, ಅಬ್ಬಾನಂತೆ ಉಗುರಲ್ಲಿ ಮಣ್ಣಿಟ್ಟುಕೊಂಡೇ ನಿವೃತ್ತನಾಗಿದ್ದರೆ, ಆಗಲೂ ಅವನ ಕೆಲಸ ಅಷ್ಟೇ ಒಳ್ಳೆಯದಾಗಿರುತ್ತಿತ್ತು. ಈ ಮಾತನ್ನು ನನಗೆ ಗಾಜಿನ ಮನೆಯ ಬಾಗಿಲಲ್ಲಿ, ಹತ್ತು ವರ್ಷದವನಾಗಿದ್ದಾಗ, ಯಾರಾದರೂ ಹೇಳಬೇಕಿತ್ತು.

ಮಧ್ಯಾಹ್ನ ಒಂದು ಗಂಟೆ. ಬೆಂಗಳೂರಿನಲ್ಲಿ ಸಂಜೆ ಐದೂವರೆ. ಅಬ್ಬಾ ಅಸರ್ ನಮಾಜ್ ಮುಗಿಸಿ ಚಹಾ ಕುಡಿಯುವ ಹೊತ್ತು. ಫೋನ್ ಮಾಡಿದೆ.

‘ನೋಡಿದೆಯಾ ಬೇಟಾ?’

‘ಇಲ್ಲ ಅಬ್ಬಾ. ಅದು ಇಲ್ಲ. 1936ರಲ್ಲೇ ಬೆಂಕಿ ಬಿದ್ದು ಹೋಗಿದೆ.’

ಆ ಕಡೆ ಸುಮ್ಮನಾದರು. ಲೈನು ಕತ್ತರಿಸಿತೇನೋ ಎಂದುಕೊಂಡೆ.

‘ನಾನು ಹುಟ್ಟೋಕೆ ಮುಂಚೆ?’

‘ಹೌದು ಅಬ್ಬಾ.’

‘ನಮ್ಮ ಯಜಮಾನರಿಗೂ ಗೊತ್ತಿರಲಿಲ್ಲ ಪಾಪ,’ ಎಂದರು. ಯಜಮಾನರು ಎಂದರೆ ಕಸಿ ಕಲಿಸಿದ ಆ ಹಿರಿಯರು. ಮತ್ತೆ ಸ್ವಲ್ಪ ಹೊತ್ತು ಬಿಟ್ಟು ಕೇಳಿದರು: ‘ಅಲ್ಲಿ ಮರಗಳು ಇವೆಯಾ?’

‘ಇವೆ ಅಬ್ಬಾ, ಬೇಕಾದಷ್ಟಿವೆ.’

‘ಯಾವ ಮರ?’

ನಾನು ತಲೆಯೆತ್ತಿ ನೋಡಿದೆ. ಸುತ್ತ ಹತ್ತಾರು ಜಾತಿಯ ಮರಗಳು. ಒಂದರ ಹೆಸರೂ ನನಗೆ ಗೊತ್ತಿರಲಿಲ್ಲ. ಲಾಲ್‌ಬಾಗಿನ ಮಾಲಿಯ ಮಗ, ಮರದ ಕೆಳಗೆ ನಿಂತು, ‘ದೊಡ್ಡ ಮರ ಅಬ್ಬಾ’ ಎಂದೆ. ಅವರು ನಕ್ಕರು. ‘ಒಂದೊಂದರ ಎಲೆದೂ ತೊಗಟೆದೂ ಫೋಟೋ ತೆಗೆದುಕೊಂಡು ಬಾ. ಬೀಜ ಗೀಜ ಜೇಬಿಗೆ ಹಾಕ್ಕೊಂಡು ಬರಬೇಡ. ಪರದೇಶದ ರೋಗ ಬರುತ್ತೆ,’ ಎಂದು ಎಚ್ಚರಿಸಿದರು. ಅಷ್ಟರಲ್ಲಿ ನನ್ನ ಜೇಬಿನಲ್ಲಿ ಕೆಳಗೆ ಬಿದ್ದಿದ್ದ ನುಣುಪಾದ ಕಂದು ಬೀಜ ಒಂದು ಸೇರಿತ್ತು. ತೆಗೆದು ಅಲ್ಲೇ ಇಟ್ಟೆ. ಆಮೇಲೆ ರೈಲಿನ ಹೊತ್ತಾಗುವವರೆಗೂ ಎಲೆ, ತೊಗಟೆಗಳ ಫೋಟೋ ತೆಗೆಯುತ್ತಾ ತಿರುಗಿದೆ. ಒಬ್ಬ ಮುದುಕಿ ತನ್ನ ನಾಯಿಯ ಜತೆ ನಿಂತು, ನನ್ನನ್ನು ಸಸ್ಯಶಾಸ್ತ್ರದ ಮೇಷ್ಟ್ರಾ ಎಂದು ಕೇಳಿದಳು. ‘ಇಲ್ಲ, ನಮ್ಮಪ್ಪ ಮಾಲಿ’ ಎಂದೆ. ಅಪರಿಚಿತಳ ಮುಂದೆ, ಪರದೇಶದಲ್ಲಿ, ಮೊದಲ ಸಲ. ಆಕೆ ‘ಒಳ್ಳೆಯದು’ ಎಂದು ತಲೆಯಾಡಿಸಿ ಹೋದಳು. ಅವಳಿಗೆ ಅದೊಂದು ದೊಡ್ಡ ಸಂಗತಿಯೇ ಆಗಿರಲಿಲ್ಲ.

ಊರಿಗೆ ಬಂದ ಮುಂದಿನ ಭಾನುವಾರ ಅಬ್ಬಾರನ್ನು ಆಟೋದಲ್ಲಿ ಕೂರಿಸಿಕೊಂಡು ಸಿದ್ದಾಪುರ ಗೇಟಿಗೆ ಹೋದೆ. ಮಂಡಿನೋವು, ನಿಧಾನವಾಗಿ ನಡೆದರು. ಗಾಜಿನ ಮನೆಯ ಎದುರಿನ ಬೆಂಚಿನಲ್ಲಿ ಕುಳಿತು ಒಂದೊಂದೇ ಫೋಟೋ ತೋರಿಸಿದೆ. ಕೆಲವಕ್ಕೆ ‘ಗೊತ್ತಿಲ್ಲ, ನಮ್ಮಲ್ಲಿ ಬರಲ್ಲ’ ಎಂದರು. ಒಂದು ಮರದ ಫೋಟೋದಲ್ಲಿ ತೊಗಟೆ ತೇಪೆ ತೇಪೆಯಾಗಿ ಕಿತ್ತುಬಂದಿತ್ತು, ಎಲೆ ಅಂಗೈಯಷ್ಟು ಅಗಲ. ಅದನ್ನು ಮೂಗಿನ ಹತ್ತಿರ ಹಿಡಿದು ನೋಡಿ, ‘ಇದು ಕಾಶ್ಮೀರದ ಚಿನಾರ್ ಕಡೆಯದು. ಪೂರ್ತಿ ಚಿನಾರ್ ಅಲ್ಲ, ಬೆರಕೆ’ ಎಂದರು. ಮನೆಗೆ ಬಂದು ಹುಡುಕಿದೆ. ಅದು ಲಂಡನ್ ಪ್ಲೇನ್. ಲಂಡನ್ನಿನ ಬೀದಿಬೀದಿಯಲ್ಲಿರುವ ಮರ. ಚಿನಾರ್‌ಗೂ ಅಮೆರಿಕದ ಅದೇ ಕುಲದ ಇನ್ನೊಂದು ಮರಕ್ಕೂ ಹುಟ್ಟಿದ ಬೆರಕೆ ತಳಿ.

ಬೆಂಚಿನಲ್ಲೇ ಅವರಿಗೆ ಪ್ಯಾಕ್ಸ್‌ಟನ್ನನ ಕತೆ ಹೇಳಿದೆ. ಮಾಲಿ ಎಂದಾಗ ಅವರು ನನ್ನ ಕಡೆ ತಿರುಗಿದರು. ‘ಮಾಲಿನಾ? ಕೈಯಲ್ಲಿ ಗುದ್ದಲಿ ಹಿಡಿದವನಾ?’ ಹೌದು ಎಂದೆ. ಹೈಡ್ ಪಾರ್ಕಿನಲ್ಲಿ ಕಟ್ಟುವಾಗ ದೊಡ್ಡ ಎಲ್ಮ್ ಮರಗಳು ಅಡ್ಡ ಬಂದವು, ಅವನ್ನು ಕಡಿಯದೆ ಮಾಡನ್ನೇ ಕಮಾನಿನಂತೆ ಎತ್ತರಿಸಿ ಮರಗಳನ್ನು ಒಳಗೇ ನಿಲ್ಲಿಸಿಕೊಂಡರು ಎಂದೂ ಹೇಳಿದೆ. ಮರ ಕಡಿಯಬಾರದೆಂದು ಅಲ್ಲಿ ಜನರು ಗಲಾಟೆ ಮಾಡಿದ್ದರು ಎಂಬುದೂ ಕತೆಯಲ್ಲಿ ಇತ್ತು. ಅದನ್ನು ಹೇಳಲು ಬಾಯಿ ತೆರೆಯುವಷ್ಟರಲ್ಲಿ ಅಬ್ಬಾ ತಲೆಯಾಡಿಸಿದರು.

‘ಮಾಲಿ ಅಲ್ವಾ, ಅದಕ್ಕೇ ಕಡಿಯಲಿಲ್ಲ,’ ಎಂದರು.

ಅದನ್ನು ತಿದ್ದಲು ನನಗೆ ಮನಸ್ಸಾಗಲಿಲ್ಲ. ಅವರು ಎದ್ದು, ಕೋಲೂರಿಕೊಂಡು, ಗಾಜಿನ ಮನೆಯ ಮೆಟ್ಟಿಲ ಬದಿಯ ಒಂದು ಕುಂಡದ ಹತ್ತಿರ ಹೋದರು. ಬಗ್ಗಿ ಒಂದು ಒಣಗಿದ ಎಲೆ ಕಿತ್ತರು. ಬೆರಳಿನಿಂದ ಮಣ್ಣು ಒತ್ತಿ ನೋಡಿ, ‘ನೀರು ಹಾಕಿಲ್ಲ ಇವತ್ತು,’ ಎಂದು ಗೊಣಗಿದರು.